ವಾಜಿದಕ್ಕ ಹುಡುಕಿಕೊಟ್ಟ ಸ್ಕಾಲರ್‌ಶಿಪ್

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮಗು ನಮ್ಮ ಪಿಯುಸಿಯಂಥ ಎ ಲೆವೆಲ್ ಪರೀಕ್ಷೆಗೆ ಕೂತರೂ ಮೊದಲು ಸುಳಿವು ಹತ್ತುತ್ತಿದ್ದದ್ದು ವಾಜಿದಕ್ಕನಿಗೆ. ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಶನ್ನಿನಲ್ಲಿ ಕೂತವರಿಗೆ ಊರಿನ ಸುದ್ದಿಯೆಲ್ಲ ತಿಳಿಯುವುದು ಸಹಜ. ಆದರೆ ಈಕೆ ಕೆಮ್ಮಿಗೆ ಅಪಾಯಿಂಟ್‌ಮೆಂಟ್ ಕೇಳಲು ಬಂದ ತಾಯಿಯನ್ನು ಗಾಜಿನ ಕಿಂಡಿಯ ಮುಂದೆ ನಿಲ್ಲಿಸಿಕೊಂಡು, ಮಗ ಯಾವ ಕೋರ್ಸಿಗೆ ಹಾಕಿದ್ದಾನೆ, ಬರ್ಸರಿ ಸಹಾಯಧನಕ್ಕೆ ಬರೆದಿರಾ, ಇನ್ನೂ ಯಾಕೆ ಬರೆದಿಲ್ಲ ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಮ್ಯಾನೇಜರ್ ಒಳಗೆ ಕರೆದು ಬುದ್ಧಿ ಹೇಳಿದ್ದೂ ಉಂಟು. ಹೇಳಿದರೆ ಕೇಳುವ ಜಾಯಮಾನ ವಾಜಿದಕ್ಕನದಲ್ಲ.

ಅವರು ದಾವಣಗೆರೆಯವರು. ಗಂಡ ರಊಫ್ ಸಾಹೇಬರು ಬರ್ಚ್‌ವುಡ್ಡಿನಲ್ಲಿ ಎಂಜಿನಿಯರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆ ಉಳಿದ ಮಾತನ್ನೆಲ್ಲ ಹೆಂಡತಿ ಬಳಸಿಕೊಂಡಿದ್ದರು: ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಮಗಳು ಸಮ್ರಾಳ ಜೊತೆ ಜಗಳಕ್ಕೆ ಇಂಗ್ಲಿಷು. ನಾನು ಹೇಮಲತಾ, ಬೆಂಗಳೂರಿನವಳು, ಅವರ ಮನೆಯಿಂದ ಎರಡು ಮನೆ ಆಚೆ. ವಾಜಿದಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ, ನನಗೆ ಇಲ್ಲ ಎನ್ನಲು ಬರುವುದಿಲ್ಲ. ಹಾಗಾಗಿ ಅವರ ಎಲ್ಲ ಸಾಹಸಗಳಿಗೂ ನಾನೇ ಡ್ರೈವರು.

ಈ ಸ್ಕಾಲರ್‌ಶಿಪ್ ಹುಚ್ಚು ಅವರಿಗೆ ಹತ್ತಿದ್ದು ಕಾಲೇಜಿಗೆ ಸೇರುವ ವಯಸ್ಸಿನಲ್ಲಿ. ಅಪ್ಪ ಸೈಕಲ್ ರಿಪೇರಿ ಅಂಗಡಿಯವರು, ಮನೆ ತುಂಬ ಮಕ್ಕಳು. ಊರಿನ ಒಬ್ಬ ಹತ್ತಿ ವ್ಯಾಪಾರಿಯ ಧರ್ಮಸಂಸ್ಥೆಯವರು ಓದುವ ಹುಡುಗಿಯರಿಗೆ ಸಹಾಯ ಮಾಡುತ್ತಾರೆಂದು ತಿಳಿದು ಸಂದರ್ಶನಕ್ಕೆ ಹೊರಟಾಗ, ಪಕ್ಕದ ಮನೆಯ ಲೀಲಾವತಿ ಟೀಚರು ಇವರ ಬರಿಗೈ ನೋಡಿ ಒಳಗೆ ಕರೆದು ತಮ್ಮ ಚಿನ್ನದ ಬಳೆ ತೊಡಿಸಿ, ಓಲೆ ಹಾಕಿ, ಯಾರಾದರೂ ಕೇಳಿದರೆ ನಿನ್ನವೇ ಅನ್ನು ಎಂದು ಕಳಿಸಿದರಂತೆ. ಸಂಸ್ಥೆಯ ಹಿರಿಯರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ‘ಒಳ್ಳೆ ಮನೆತನದ ಮಗು’ ಅಂದು ಮೂರು ವರ್ಷದ ಫೀಸು ಕೊಟ್ಟರು. ಅವತ್ತಿನಿಂದ ವಾಜಿದಕ್ಕನಿಗೆ ಒಂದು ಸಿದ್ಧಾಂತ.

‘ಕೊಡೋರು ಬಡವರಿಗೆ ಕೊಡಲ್ಲ ಹೇಮಾ, ಮರ್ಯಾದಸ್ಥರಿಗೆ ಕೊಡ್ತಾರೆ. ಕಷ್ಟ ಹೇಳ್ಕೊಂಡು ಅತ್ತರೆ ಒಂದು ಹೊತ್ತಿನ ಊಟ ಹಾಕಿ ಕಳಿಸ್ತಾರೆ. ತಲೆ ಎತ್ತಿ ನಿಂತರೆ ಕಾಲೇಜಿಗೆ ಕಳಿಸ್ತಾರೆ.’

ಅದು ಸುಳ್ಳು ಎಂದು ನಾನು ಹೇಗೆ ಹೇಳಲಿ? ನಮ್ಮ ಕಡೆ ನಡೆಯುವುದು ಹಾಗೆಯೇ. ಒಳ್ಳೆಯ ಕೆಲಸಕ್ಕೆ ಹೊರಟ ಹೆಣ್ಣುಮಗಳು ಬರಿಗಿವಿಯಲ್ಲಿ ಹೋದರೆ ನೆರೆಯವರೇ ಓಲೆ ತಂದು ಹಾಕುತ್ತಾರೆ. ಹಾಕಿದವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹಾಕಿಕೊಂಡವರೂ ಹೇಳುವುದಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಸಮ್ರಾ ತನ್ನ ಜೊತೆಯಲ್ಲಿ ಓದುವ ಒಬ್ಬ ಹುಡುಗಿಯನ್ನು ಮನೆಗೆ ಕರೆತಂದಳು. ಹೆಸರು ಯೆಸೇನಿಯಾ. ಹುಟ್ಟಿದ್ದು ಈಕ್ವೆಡಾರಿನಲ್ಲಿ, ಬೆಳೆದದ್ದು ಸ್ಪೇನಿನ ಮುರ್ಸಿಯಾದಲ್ಲಿ, ಪಾಸ್‌ಪೋರ್ಟೂ ಸ್ಪೇನಿನದೇ. ಅಲ್ಲಿ ಕಟ್ಟಡದ ಕೆಲಸವೆಲ್ಲ ನಿಂತುಹೋದಾಗ ತಂದೆ ಇನ್ನೊಂದು ಸಂಸಾರ ಮಾಡಿಕೊಂಡು ಅಲ್ಲೇ ಉಳಿದ, ತಾಯಿ ನಾರ್ಸಿಸಾ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಬಂದು ನಾಲ್ಕು ವರ್ಷವಾಗಿತ್ತು. ಹುಡುಗಿಗೆ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಸೀಟು ಸಿಗುವುದು ಬಹುತೇಕ ಖಚಿತವಾಗಿತ್ತು. ಫೀಸಿಗೆ ಸಾಲವೂ ಸಿಗುತ್ತಿತ್ತು. ಆದರೆ ಊಟ, ಬಾಡಿಗೆ, ರೈಲಿಗೆ ಕೊಡುವ ಸಾಲ ಬೇಕೆಂದರೆ ಯೂರೋಪಿನವರು ಈ ದೇಶದಲ್ಲಿ ಐದು ವರ್ಷ ಕಳೆದಿರಬೇಕು ಎಂದು ಆ ವರ್ಷವೇ ನಿಯಮ ಬಿಗಿ ಮಾಡಿದ್ದರು. ತಾಯಿಯ ಕೆಲಸಕ್ಕೆ ಕಾಗದಪತ್ರ ಇದ್ದಿದ್ದರೆ ಬೇರೆ ದಾರಿ ಇತ್ತಂತೆ. ನಾರ್ಸಿಸಾ ಕ್ಲೀನ್ ಮಾಡುತ್ತಿದ್ದ ಮನೆಗಳಲ್ಲಿ ಕೈಗೆ ದುಡ್ಡು ಕೊಡುತ್ತಿದ್ದರೇ ಹೊರತು ಕಾಗದ ಕೊಡುತ್ತಿರಲಿಲ್ಲ.

‘ಆಂಟಿ, ಬೇರೆ ಏನೂ ಸಿಗದಿದ್ದರೆ ಪಾರ್ಸೆಲ್ ಗೋದಾಮಿನಲ್ಲಿ ಫುಲ್ ಟೈಮ್ ಸೇರ್ತೀನಿ. ಕರೆದಿದ್ದಾರೆ,’ ಎಂದಳು ಹುಡುಗಿ, ಅದೊಂದು ದೊಡ್ಡ ವಿಷಯವೇ ಅಲ್ಲ ಎಂಬಂತೆ.

ವಾಜಿದಕ್ಕ ಅವಳ ಮುಂದೆ ಶಾವಿಗೆ ಪಾಯಸದ ಬಟ್ಟಲು ಇಟ್ಟು ಲ್ಯಾಪ್‌ಟಾಪ್ ತೆಗೆದರು. ಲ್ಯಾಟಿನ್ ಅಮೆರಿಕದ ಮಕ್ಕಳಿಗೆ ಹಿಸ್ಪಾನಿಕ್ ಅನ್ನುತ್ತಾರೆ ಎಂದು ಸಮ್ರಾ ಹೇಳಿದ್ದಳು. ಹಿಸ್ಪಾನಿಕ್ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಎಂದು ಹುಡುಕಿದರೆ ನೂರಾರು ಬಂದವು. ವಾಜಿದಕ್ಕ ನನಗೆ ಫೋನ್ ಮಾಡಿ, ಸಮುದ್ರದಷ್ಟು ಸಿಕ್ಕಿದೆ ಬಾ ಎಂದರು. ಹೋಗಿ ನೋಡಿದರೆ ಎಲ್ಲ ಟೆಕ್ಸಾಸು, ಕ್ಯಾಲಿಫೋರ್ನಿಯಾ, ಫ್ಲಾರಿಡಾ. ಒಂದೊಂದನ್ನೂ ಅರ್ಧ ತುಂಬಿಸಿದ ಮೇಲೆ ಅಮೆರಿಕದವರಿಗಷ್ಟೇ ಇರುವ ಸೋಶಿಯಲ್ ಸೆಕ್ಯುರಿಟಿ ನಂಬರು ಕೇಳುತ್ತಿತ್ತು. ಈ ದೇಶದಲ್ಲಿ ಆ ಪದವನ್ನೇ ಯಾರೂ ಬಳಸುವುದಿಲ್ಲ. ಇಲ್ಲಿನ ಅರ್ಜಿಗಳಲ್ಲಿ ಇಂಡಿಯನ್ನಿಗೆ ಒಂದು ಚೌಕ, ಪಾಕಿಸ್ತಾನಿಗೆ ಒಂದು, ಬಾಂಗ್ಲಾದವರಿಗೆ, ಚೀನಾದವರಿಗೆ, ಕೆರೀಬಿಯನ್ನರಿಗೆ ಒಂದೊಂದು. ಯೆಸೇನಿಯಾಗೆ ಯಾವುದೂ ಇಲ್ಲ.

‘ನಮ್ಮನ್ನ ಎಷ್ಟು ನೀಟಾಗಿ ಪಾಲು ಮಾಡಿ ಇಟ್ಟಿದಾರೆ ನೋಡು,’ ಎಂದರು ವಾಜಿದಕ್ಕ. ‘ಈ ಮಗು ಮಾತ್ರ ಇತರೆ.’

ಲಂಡನ್ನಿನ ಒಂದು ಲ್ಯಾಟಿನ್ ಅಮೆರಿಕನ್ ಸಂಘದವರು ಲಂಡನ್ನಿನೊಳಗಿನವರಿಗೆ ಮಾತ್ರ ಎಂದರು. ಸ್ಪೇನಿನ ಒಂದು ನಿಧಿಯವರು ಸ್ಪೇನಿನಲ್ಲಿ ಓದಿದರೆ ಸರಿ ಎಂದರು. ಈಕ್ವೆಡಾರಿನ ಒಂದು ಸಂಘದವರು, ನೀವೀಗ ಸ್ಪೇನಿನ ಪಾಸ್‌ಪೋರ್ಟಿನವರಲ್ಲವೇ ಎಂದರು. ಮಸೀದಿಯ ಝಕಾತ್ ದಾನದ ಹಣ ಈ ಕ್ರೈಸ್ತ ಹುಡುಗಿಗೆ ಸಲ್ಲುವುದಿಲ್ಲ ಎಂದು ರಊಫ್ ಸಾಹೇಬರು ತಮ್ಮ ಆ ದಿನದ ನಾಲ್ಕು ಮಾತುಗಳನ್ನು ಖರ್ಚು ಮಾಡಿ ತಿಳಿಸಿದರು. ಅಷ್ಟರಲ್ಲಿ ಯೂರೋಪ್ ಬಿಡುವ ವೋಟು ನಡೆದು, ಯೂರೋಪಿನವರ ಗತಿ ಮುಂದೇನು ಎಂದು ಯಾರಿಗೂ ತಿಳಿಯದಾಯಿತು. ಬಸ್ಸಿನಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಯಾರೋ ನಾರ್ಸಿಸಾಳಿಗೆ ನಿನ್ನ ಊರಿಗೆ ಹೋಗು ಎಂದರು. ಹುಡುಗಿ ಬರುಬರುತ್ತಾ ಆರ್ಕಿಟೆಕ್ಚರ್ ಮಾತು ಕಡಿಮೆ ಮಾಡಿದಳು.

ಸಿಕ್ಕಿದ್ದು ಕೊನೆಗೆ ನಮ್ಮ ಕನ್ನಡ ಬಳಗದ ಪುಳಿಯೋಗರೆ ದೆಸೆಯಿಂದ. ಬಳಗದವರು ವರ್ಷಕ್ಕೆ ಮೂರು ನಾಲ್ಕು ಸಲ ಚರ್ಚಿನ ಹಾಲನ್ನು ಬಾಡಿಗೆಗೆ ಹಿಡಿದು ಊಟ ಮಾಡುತ್ತೇವೆ. ಜುಲೈ ಕೊನೆಯ ಊಟಕ್ಕೆ ವಾಜಿದಕ್ಕನೂ ಬಂದಿದ್ದರು. ಮುಗಿದ ಮೇಲೆ ಕುರ್ಚಿ ಜೋಡಿಸುವಾಗ ಅವುಗಳ ಹಿಂದೆ ಗೋಡೆಯಲ್ಲಿ ಒಂದು ನೋಟಿಸ್ ಕಂಡಿತು. ಇನ್ನೂರು ವರ್ಷದ ಹಿಂದೆ ಇಲ್ಲಿ ಟೋಪಿ ತಯಾರಿಸಿ ಶ್ರೀಮಂತನಾಗಿದ್ದ ಹಾಲ್ರಾಯ್ಡ್ ಎಂಬಾತ, ಈ ಪ್ಯಾರಿಷ್ಷಿನಲ್ಲಿ, ಅಂದರೆ ಈ ಚರ್ಚಿನ ಸುತ್ತಲ ಬೀದಿಗಳಲ್ಲಿ, ವಾಸವಾಗಿರುವ ಅನುಕೂಲವಿಲ್ಲದ ಮಕ್ಕಳ ವಿದ್ಯೆಗೆ ಆಸ್ತಿ ಬಿಟ್ಟು ಹೋಗಿದ್ದಾನೆ. ವಯಸ್ಸು ಇಪ್ಪತ್ತೈದರೊಳಗಿರಬೇಕು. ಜಾತಿ, ದೇಶ, ಧರ್ಮದ ಮಾತೇ ಇಲ್ಲ. ಯೆಸೇನಿಯಾಳ ಬಾಡಿಗೆ ಮನೆ ಇದ್ದದ್ದೂ ಈ ಪ್ಯಾರಿಷ್ಷಿನಲ್ಲೇ. ಟ್ರಸ್ಟಿಗಳು ವರ್ಷಕ್ಕೆ ಎರಡೇ ಸಲ ಸೇರುವುದು, ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ.

ವಾಜಿದಕ್ಕ ಕುರ್ಚಿಯನ್ನು ಅಲ್ಲೇ ಬಿಟ್ಟು ಅದರ ಮೇಲೆ ಕೂತರು. ‘ಅಲ್ಲಾ, ಪ್ರಪಂಚ ಎಲ್ಲಾ ಜಾಲಾಡಿದೆನಲ್ಲೇ ಹೇಮಾ. ಇದು ನಾವು ಊಟ ಮಾಡೋ ಜಾಗದಲ್ಲೇ ಇತ್ತು.’

ಆಗಸ್ಟಿನಲ್ಲಿ ರಿಸಲ್ಟ್ ಬಂತು, ಸೀಟು ಖಚಿತವಾಯಿತು. ಅರ್ಜಿ ಹಾಕಿದ್ದ ಟ್ರಸ್ಟಿನಿಂದ ಸಂದರ್ಶನಕ್ಕೆ ಪತ್ರವೂ ಬಂತು: ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ, ಅದೇ ಹಾಲಿನಲ್ಲಿ, ತಂದೆ ಅಥವಾ ತಾಯಿ ಜೊತೆಗೆ ಬರತಕ್ಕದ್ದು. ಗೋದಾಮಿನವರು ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದಿದ್ದರು. ಗುರುವಾರ ಸಿಗದಿದ್ದರೆ ಮಾರ್ಚಿನವರೆಗೆ ಏನೂ ಇಲ್ಲ, ಆಗ ಕಾಲೇಜು ಶುರುವಾಗಿ ಅರ್ಧ ವರ್ಷ ಕಳೆದಿರುತ್ತದೆ.

‘ನಾರ್ಸಿಸಾ ಬರೋದು ಬೇಡ,’ ಎಂದರು ವಾಜಿದಕ್ಕ. ‘ಪಾಪ, ಇಂಗ್ಲಿಷ್ ಬರಲ್ಲ, ಹೆದರ್ಕೋತಾಳೆ. ನಾನೇ ಹೋಗ್ತೀನಿ.’

ಇದನ್ನು ನಾರ್ಸಿಸಾಳಿಗೆ ಹೇಳುವಾಗ ನಾನೂ ಇದ್ದೆ. ನನ್ನ ವಯಸ್ಸಿನವಳೇ, ಗಟ್ಟಿ ಮೈಕಟ್ಟಿನವಳು. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, ‘ಓಕೆ, ವಾಜಿದಾ’ ಎಂದಳು ಅಷ್ಟೆ.

ಗುರುವಾರ ನಾನು ಕಾರು ತೆಗೆದುಕೊಂಡು ಹೋದಾಗ ವಾಜಿದಕ್ಕನ ಅಡುಗೆಮನೆಯಲ್ಲಿ ಅಲಂಕಾರ ನಡೆದಿತ್ತು. ಹುಡುಗಿಗೆ ಸಮ್ರಾಳ ಹೊಸ ಕೋಟು ತೊಡಿಸಿದ್ದರು. ಕಿವಿಗೆ ತಮ್ಮ ನಿಕಾಹ್‌ನ ಝುಮಕಿ ಹಾಕಿದ್ದರು. ಈಗ ಸಿಂಕಿನ ಮುಂದೆ ನಿಲ್ಲಿಸಿಕೊಂಡು ಸೋಪು ಹಚ್ಚಿ ತಮ್ಮ ಚಿನ್ನದ ಬಳೆ ಏರಿಸುತ್ತಿದ್ದರು. ವಾಜಿದಕ್ಕನ ಕೈ ಚಿಕ್ಕದು, ಹುಡುಗಿಯದು ಅಗಲ. ಅವಳು ಹಲ್ಲು ಕಚ್ಚಿಕೊಂಡಿದ್ದಳು.

‘ಯಾರದು ಅಂತ ಕೇಳಿದ್ರೆ ಆಂಟಿ ಕೊಟ್ಟಿದ್ದು ಅನ್ನು. ಮಾರ್ಕ್ಸ್ ಹೇಳು, ಮುಂದೆ ಏನು ಕಟ್ತೀಯ ಅದನ್ನ ಹೇಳು. ಮನೆ ಕಷ್ಟ ತೆಗೀಬೇಡ. ಅಮ್ಮ ಏನು ಮಾಡ್ತಾರೆ ಅಂದ್ರೆ ಸರ್ವಿಸ್ ಸೆಕ್ಟರ್ ಅನ್ನು, ಸಾಕು.’

ಹುಡುಗಿ ತಲೆಯಾಡಿಸಿದಳು. ನಾಲ್ಕು ಬಳೆ ಏರಿದ ಮೇಲೆ ಎಷ್ಟು ಲಕ್ಷಣವಾಗಿ ಕಂಡಳೆಂದರೆ ನಾನು ದೃಷ್ಟಿ ನಿವಾಳಿಸುವುದೊಂದು ಬಾಕಿ.

ಹಾಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಸಂದರ್ಶನ. ಹೊರಗೆ ಮರದ ಬೆಂಚಿನ ಮೇಲೆ ಇನ್ನೂ ಇಬ್ಬರು ಮಕ್ಕಳು ತಾಯಂದಿರ ಜೊತೆ ಕಾಯುತ್ತಿದ್ದರು. ಅವರಲ್ಲಿ ಒಬ್ಬಳ ಶೂ ಮುಂದೆ ಬಾಯಿಬಿಟ್ಟಿತ್ತು. ವಾಜಿದಕ್ಕ ನನ್ನ ಕಿವಿಯಲ್ಲಿ, ‘ಹೀಗೆ ಬರೋದಾ?’ ಎಂದರು. ಯೆಸೇನಿಯಾಳ ಹೆಸರು ಕರೆದರು. ಅವಳು ಎದ್ದು ಕೋಟು ಸರಿಮಾಡಿಕೊಂಡು ಒಳಗೆ ಹೋದಳು. ನಡೆದಾಗ ಬಳೆ ಸದ್ದಾಯಿತು.

ಬೇಗನೆ ಹೊರಗೆ ಬಂದಳು, ಬೇಡವಾದಷ್ಟು ಬೇಗ. ಮುಖದಲ್ಲಿ ಏನೋ ಸರಿಯಿಲ್ಲ.

‘ಚೆನ್ನಾಗಿ ಮಾತಾಡಿದರು ಆಂಟಿ. ಆದರೆ ಬಳೆ ಬಗ್ಗೆ ಕೇಳಿದರು. ಚಿನ್ನವಾ ಅಂದರು. ಹೌದು ಅಂದೆ. ಆಂಟಿ ಕೊಟ್ಟಿದ್ದು ಅಂದೆ. ಆಮೇಲೆ ಮಧ್ಯದಲ್ಲಿ ಕೂತಿದ್ದ ಮುದುಕರು, ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆ, ಸಂತೋಷ ಅಂದರು.’ ಬಳೆಗಳನ್ನು ಕೋಟಿನ ತೋಳಿನೊಳಗೆ ತಳ್ಳುತ್ತ ಹೇಳಿದಳು: ‘ಈ ಹಣ ಯಾರೂ ಇಲ್ಲದವರಿಗೆ ಅಂತೆ.’

ಬೆಂಚಿನ ಮೇಲೆ ಶೂ ಬಾಯಿಬಿಟ್ಟಿದ್ದ ಹುಡುಗಿಯ ಹೆಸರು ಕರೆದರು. ತಾಯಿ ಮಗಳು ಎದ್ದು ಒಳಗೆ ಹೋದರು.

ವಾಜಿದಕ್ಕ ಬಿಳುಚಿಕೊಂಡಿದ್ದರು. ನನಗೂ ಆಗಲೇ ತಲೆಗೆ ಹೋಗಿದ್ದು. ದಾವಣಗೆರೆಯಲ್ಲಿ ಸ್ಕಾಲರ್‌ಶಿಪ್ ಕೊಡಿಸಿದ ಬಳೆ ಇಲ್ಲಿ ಅದನ್ನು ಕೈತಪ್ಪಿಸಿತು. ಇಂಗ್ಲೆಂಡಿನಲ್ಲಿ ಇಷ್ಟು ವರ್ಷ ಬಾಳಿ, ಕೌನ್ಸಿಲ್ ಟ್ಯಾಕ್ಸು ಮಾರ್ಟ್‌ಗೇಜು ಎಲ್ಲ ಅರೆದು ಕುಡಿದಿದ್ದ ನಾವಿಬ್ಬರೂ, ಅನುಕೂಲವಿಲ್ಲದವರ ಹಣ ಕೇಳಲು ಹುಡುಗಿಯನ್ನು ಮದುಮಗಳ ಹಾಗೆ ಸಿಂಗರಿಸಿ ಕಳಿಸಿದ್ದೆವು.

‘ಒಳಗೆ ಹೋಗಿ ಹೇಳಿ ವಾಜಿದಕ್ಕ. ನನ್ನದು, ನಾನೇ ಹಾಕಿದ್ದು ಅನ್ನಿ.’

‘ಕೊಟ್ಟ ಒಡವೆ ನನ್ನದು ಅಂತ ನಾಲ್ಕು ಜನರ ಮುಂದೆ ಹೇಳೋದಾ?’

‘ಹೇಳದಿದ್ರೆ ನಾಳೆ ಅವಳು ಗೋದಾಮಿಗೆ ಹೋಗ್ತಾಳೆ.’

ಅವರು ಎದ್ದರು. ಒಳಗಿದ್ದವರು ಹೊರಗೆ ಬರುತ್ತಿದ್ದಂತೆ ಬಾಗಿಲು ತಟ್ಟಿ ಹೋಗಿಬಿಟ್ಟರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಳಗಿನದು ನಮಗೆ ಕೇಳುತ್ತಿತ್ತು. ಸರ್ಜರಿಯಲ್ಲಿ ಊರನ್ನೇ ಆಳುವ ಆ ದನಿ ಅಲ್ಲಿ ತಡವರಿಸುತ್ತಿತ್ತು. ಆ ಚಿನ್ನ ನನ್ನದು, ನಮ್ಮಲ್ಲಿ ಹೀಗೊಂದು ಪದ್ಧತಿ, ನಾನು ಅವಳ ಸಂಬಂಧಿಕಳಲ್ಲ, ಬರೀ ನೆರೆಯವಳು, ಅವಳಿಗೆ ಏನೂ ಇಲ್ಲ. ಅಧ್ಯಕ್ಷರ ಹೆಸರು ಆಗ್ಡನ್. ನಿವೃತ್ತ ಮೇಷ್ಟ್ರಂತೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಗಿದ್ದು.

‘ನಿಮ್ಮ ಮಾತನ್ನು ನಾನು ನಂಬುತ್ತೇನೆ ಮೇಡಮ್. ಆದರೆ ಹುಡುಗಿ ಒಂದು ಹೇಳಿದಳು, ನೀವು ಇನ್ನೊಂದು ಹೇಳುತ್ತಿದ್ದೀರಿ. ಮನೆಯ ಸ್ಥಿತಿ ಹೇಳಬೇಕಾದವರು ಮನೆಯವರು. ತಾಯಿಯನ್ನು ಕರೆತನ್ನಿ ಎಂದು ಪತ್ರದಲ್ಲಿ ಬರೆದಿದ್ದೆವು. ಅವರು ಎಲ್ಲಿ?’

‘ಕೆಲಸದಲ್ಲಿದ್ದಾರೆ,’ ಎಂದರು ವಾಜಿದಕ್ಕ.

‘ಐದು ಗಂಟೆಗೆ ನಾವು ಏಳುತ್ತೇವೆ. ಅಷ್ಟರೊಳಗೆ ಬಂದರೆ ಕೇಳುತ್ತೇವೆ. ಇಲ್ಲದಿದ್ದರೆ ಮಾರ್ಚಿನಲ್ಲಿ ಖಂಡಿತ ಬನ್ನಿ.’

ಗಂಟೆ ನಾಲ್ಕು ದಾಟಿತ್ತು. ನಾರ್ಸಿಸಾ ಅವತ್ತು ಬ್ರಾಮಾಲ್‌ನ ಒಂದು ದೊಡ್ಡ ಮನೆಯಲ್ಲಿ ಕೆಲಸದಲ್ಲಿದ್ದಳು. ಯೆಸೇನಿಯಾ ಫೋನ್ ಹಚ್ಚಿದಳು, ಎತ್ತಲಿಲ್ಲ. ಆ ಮನೆಯಾಕೆಗೆ ಕೆಲಸದ ಹೊತ್ತಿನಲ್ಲಿ ಫೋನ್ ಹಿಡಿದರೆ ಆಗುವುದಿಲ್ಲವಂತೆ. ಮೂವರೂ ಕಾರು ಹತ್ತಿದೆವು. ಶಾಲೆ ಬಿಟ್ಟ ಹೊತ್ತು, ಎ-ಸಿಕ್ಸ್ ರಸ್ತೆ ಕದಲುತ್ತಿರಲಿಲ್ಲ, ಅದರ ಮೇಲೆ ಗ್ಯಾಸ್ ಪೈಪಿನವರು ಅಗೆದು ತಾತ್ಕಾಲಿಕ ಸಿಗ್ನಲ್ ಬೇರೆ ಇಟ್ಟಿದ್ದರು. ಹಸಿರು ಬಂದರೆ ಮೂರು ಕಾರು ಹೋಗುತ್ತಿದ್ದವು, ಮತ್ತೆ ಕೆಂಪು. ನಾನು ಈ ಜನ್ಮದಲ್ಲಿ ಅಷ್ಟು ಬೈದದ್ದಿಲ್ಲ, ಅದೂ ಅಚ್ಚ ಬೆಂಗಳೂರು ಬೈಗುಳ. ಹಿಂದೆ ಯೆಸೇನಿಯಾ ಬಳೆ ತೆಗೆಯಲು ಒದ್ದಾಡುತ್ತಿದ್ದಳು. ಕೈ ಊದಿಕೊಂಡು ಒಂದೂ ಬರುತ್ತಿರಲಿಲ್ಲ.

‘ಬಿಡು, ಆಮೇಲೆ ತೆಗೆಯೋಣ,’ ಎಂದರು ವಾಜಿದಕ್ಕ.

‘ಇಲ್ಲ ಆಂಟಿ,’ ಎಂದಳು ಹುಡುಗಿ. ಆ ದನಿಯಲ್ಲಿ ಅವಳು ಅವರೊಂದಿಗೆ ಯಾವತ್ತೂ ಮಾತಾಡಿರಲಿಲ್ಲ.

ಬ್ರಾಮಾಲ್‌ನ ಮನೆಯಲ್ಲಿ ಬೆಲ್ ಒತ್ತಿದರೆ ಯಾರೂ ಬರಲಿಲ್ಲ, ಒಳಗೆ ಕಸ ಹೀರುವ ಹೂವರ್ ಯಂತ್ರ ಓಡುತ್ತಿತ್ತು. ಯೆಸೇನಿಯಾ ಪಕ್ಕದ ಗೇಟು ದಾಟಿ ಹಿಂಬಾಗಿಲಿಗೆ ಓಡಿದಳು. ಅವಳಿಗೆ ಆ ಮನೆ ಗೊತ್ತಿತ್ತು, ಶನಿವಾರಗಳಲ್ಲಿ ತಾಯಿಯ ಜೊತೆ ಅವಳೂ ಬಂದು ಕಿಟಕಿ ಒರೆಸುತ್ತಿದ್ದಳಂತೆ. ಅದು ನನಗೂ ವಾಜಿದಕ್ಕನಿಗೂ ಅವತ್ತೇ ತಿಳಿದದ್ದು. ಹೂವರ್ ನಿಂತಿತು. ಒಳಗೆ ಸ್ಪ್ಯಾನಿಷ್‌ನಲ್ಲಿ ಒಂದಿಷ್ಟು ಮಾತು ನಡೆಯಿತು. ಮನೆಯೊಡತಿ ಮೆಟ್ಟಿಲ ಮೇಲೆ ಬಂದು, ಮೇಲಿನ ಬಾತ್‌ರೂಮ್ ಇನ್ನೂ ಆಗಿಲ್ಲ ಎಂದಳು. ನಾರ್ಸಿಸಾ ‘ನಾನು ವಾಪಸ್ ಬರ್ತೀನಿ’ ಎಂದಳು. ‘ಬಂದರೆ ಒಳ್ಳೇದು,’ ಎಂದಳು ಒಡತಿ, ಬಾರದಿದ್ದರೆ ಏನೆಂದು ಹೇಳದೆ.

ನಾರ್ಸಿಸಾ ಹೊರಗೆ ಬಂದಳು. ನೀಲಿ ಏಪ್ರನ್ನು, ಮಂಡಿಯವರೆಗೆ ಒದ್ದೆಯಾದ ಪ್ಯಾಂಟು. ಮಗಳ ಕೈ ನೋಡಿದಳು, ಕಿವಿ ನೋಡಿದಳು. ತನ್ನ ಬಕೆಟ್ಟಿನಿಂದ ಪಾತ್ರೆ ತೊಳೆಯುವ ಸೋಪಿನ ಬಾಟಲಿ ತೆಗೆದು ಮಗಳ ಮಣಿಕಟ್ಟಿಗೆ ಸುರಿದು, ಬೆರಳುಗಳನ್ನು ಒಟ್ಟಿಗೆ ಹಿಚುಕಿ ಒಂದೊಂದೇ ಬಳೆ ಜಾರಿಸಿದಳು. ಹುಡುಗಿಗೆ ನೋವಾಗಿ ಕಣ್ಣಲ್ಲಿ ನೀರು ಬಂತು. ನಾಲ್ಕನ್ನೂ ಏಪ್ರನ್ನಿನಲ್ಲಿ ಒರೆಸಿ, ಝುಮಕಿಯನ್ನೂ ಬಿಚ್ಚಿ, ವಾಜಿದಕ್ಕನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

‘ಏಪ್ರನ್ ತೆಗೆದುಬಿಡಿ ನಾರ್ಸಿಸಾ, ಕಾರಲ್ಲಿ ನನ್ನ ಶಾಲು ಇದೆ,’ ಎಂದರು ವಾಜಿದಕ್ಕ. ಅಷ್ಟಾದರೂ ಬುದ್ಧಿ ಬಂದಿರಲಿಲ್ಲ. ನಾರ್ಸಿಸಾ ಕೇಳಿಸದವಳಂತೆ ಕಾರು ಹತ್ತಿದಳು.

ವಾಪಸು ಹಿಂದಿನ ಗಲ್ಲಿಗಳಲ್ಲಿ ನುಗ್ಗಿಸಿದೆ. ಒಂದು ಕಡೆ ಬೇಕರಿ ವ್ಯಾನು ಅಡ್ಡ ನಿಂತಿತ್ತು. ಹಾರ್ನು ಬಾರಿಸುವುದು ಈ ದೇಶದಲ್ಲಿ ಅಸಭ್ಯ, ಕೈ ಎತ್ತದೆ ಬಾರಿಸಿದೆ. ಹಾಲಿನ ಮುಂದೆ, ನಿಲ್ಲಿಸಬಾರದೆಂದು ಎಳೆದ ಎರಡು ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿ ಒಳಗೆ ಓಡಿದೆವು. ಆಗ್ಡನ್ ಆಗಲೇ ಎದ್ದು ಕೋಟಿನ ಒಂದು ತೋಳು ಹಾಕಿಕೊಂಡಿದ್ದರು. ನಾರ್ಸಿಸಾಳ ಏಪ್ರನ್ನು ನೋಡಿ ಆ ತೋಳನ್ನು ಹೊರಗೆಳೆದು ಮತ್ತೆ ಕೂತರು.

‘ಎಲ್ಲರೂ ಬನ್ನಿ, ಕೂತುಕೊಳ್ಳಿ,’ ಎಂದರು.

ಅವರ ಪಕ್ಕದಲ್ಲಿ ಚರ್ಚಿನ ಪಾದ್ರಿ ಇದ್ದರು, ಇನ್ನೊಂದು ಕಡೆ ಮಿಸೆಸ್ ಎಂಟ್‌ವಿಸಲ್ ಎಂಬ ವಯಸ್ಸಾದ ಹೆಂಗಸು. ಆಕೆ ಕನ್ನಡಕ ತೆಗೆದು ನೋಡಿ, ‘ನಾರ್ಸಿಸಾ?’ ಎಂದರು.

‘ಹಲೋ, ಡೊರೀನ್,’ ಎಂದಳು ನಾರ್ಸಿಸಾ.

ವಾಜಿದಕ್ಕ ನನ್ನ ಕಡೆ ತಿರುಗಿದರು. ನನಗೂ ಅರ್ಥವಾಗಲಿಲ್ಲ. ಯೆಸೇನಿಯಾ ಅನುವಾದ ಮಾಡಲು ಬಾಯಿ ತೆರೆದಳು. ತಾಯಿ ಕೈಯೆತ್ತಿ ತಡೆದಳು. ಅವಳ ಇಂಗ್ಲಿಷು ತುಂಡು ತುಂಡಾಗಿತ್ತು. ಆದರೆ ಅರ್ಥವಾಗದ ಒಂದು ತುಂಡೂ ಇರಲಿಲ್ಲ.

‘ನಾನು ಮನೆ ಕ್ಲೀನ್ ಮಾಡ್ತೀನಿ. ಆರು ಮನೆ. ಕೈಗೆ ದುಡ್ಡು ಕೊಡ್ತಾರೆ, ಪೇಪರ್ ಕೊಡಲ್ಲ. ಪೇಪರ್ ಕೇಳಿದೆ, ಒಂದು ಮನೆ ಹೋಯ್ತು. ಆಮೇಲೆ ಕೇಳಿಲ್ಲ. ಬಾಡಿಗೆ ಕಟ್ಟಿದ ಮೇಲೆ ಊಟಕ್ಕೆ ಉಳಿಯುತ್ತೆ. ಕೆಲವು ವಾರ ಉಳಿಯಲ್ಲ. ಆಗ ಬುಧವಾರ ಇಲ್ಲಿಗೆ ಬರ್ತೀನಿ. ಡೊರೀನ್‌ಗೆ ಗೊತ್ತು.’

ಅದೇ ಹಾಲಿನಲ್ಲಿ ಬುಧವಾರ ಇಲ್ಲದವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕ್ ನಡೆಯುತ್ತದೆ, ನಡೆಸುವವರು ಮಿಸೆಸ್ ಎಂಟ್‌ವಿಸಲ್. ‘ಎರಡು ವರ್ಷದಿಂದ ಬರುತ್ತಿದ್ದಾರೆ,’ ಎಂದು ಆಕೆ ಉಳಿದಿಬ್ಬರಿಗೂ ಹೇಳಿದರು. ‘ತೆಗೆದುಕೊಂಡು ಸುಮ್ಮನೆ ಹೋಗುವುದಿಲ್ಲ. ಕಪ್ಪು ಬಸಿ ಎಲ್ಲ ತೊಳೆದಿಟ್ಟು ಹೋಗುತ್ತಾರೆ. ಮಗಳು ಇದ್ದಾಳೆಂದು ಗೊತ್ತಿತ್ತು, ಇವಳೇ ಎಂದು ಗೊತ್ತಿರಲಿಲ್ಲ.’

‘ಮಗಳು ಇಲ್ಲಿಗೆ ಬರಲ್ಲ. ನಾನೇ ಬೇಡ ಅಂದೆ, ಆ ಹೊತ್ತು ಓದು ಅಂದೆ,’ ಎಂದಳು ನಾರ್ಸಿಸಾ. ‘ಅವಳು ಕಾಲೇಜಿಗೆ ಹೋದರೆ ಶನಿವಾರದ ಕೆಲಸಕ್ಕೂ ಕೈ ಇಲ್ಲ. ಪರವಾಗಿಲ್ಲ, ನಾನು ಮಾಡ್ತೀನಿ. ರೈಲು, ರೂಮು, ಆ ದೊಡ್ಡ ಪೇಪರು, ಪೆನ್ಸಿಲು, ಅದು ನನ್ನಿಂದ ಆಗಲ್ಲ. ಅದಕ್ಕೆ ಕೇಳ್ತಿದೀನಿ.’

ಕೇಳ್ತಿದೀನಿ ಎಂದ ಆ ಮಾತಿನಲ್ಲಿ ಬೇಡುವಿಕೆ ಇರಲಿಲ್ಲ. ಅಂಗಡಿಯಲ್ಲಿ ಬ್ರೆಡ್ ಎಲ್ಲಿದೆ ಎಂದು ಕೇಳುವಷ್ಟು ಸಲೀಸಾಗಿತ್ತು. ವಾಜಿದಕ್ಕ ನೆಲ ನೋಡುತ್ತ ಕೂತಿ‌ದ್ದರು.

ನಮ್ಮನ್ನು ಹೊರಗೆ ಕಳಿಸಿದರು. ಬೆಂಚು ಖಾಲಿಯಾಗಿತ್ತು, ಆದರೂ ಯಾರೂ ಕೂರಲಿಲ್ಲ. ಒಳಗೆ ಮೂವರ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಸಲ ಆಗ್ಡನ್ ‘ಆದರೆ ನಿಯಮ’ ಎಂದದ್ದು ಕೇಳಿಸಿತು. ನಾರ್ಸಿಸಾ ಗಡಿಯಾರ ನೋಡುತ್ತಿದ್ದಳು, ಬಾತ್‌ರೂಮಿನ ಚಿಂತೆ. ಯೆಸೇನಿಯಾ ತಾಯಿಯ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಕೊನೆಗೆ ಆಗ್ಡನ್ ತಾವೇ ಹೊರಗೆ ಬಂದು ನೇರ ನಾರ್ಸಿಸಾಳ ಮುಂದೆ ನಿಂತರು.

‘ಮೂರು ವರ್ಷಕ್ಕೂ ಕೊಡುತ್ತೇವೆ. ಪ್ರತಿ ವರ್ಷ ಅವಳು ಪಾಸಾಗಬೇಕು, ಅಷ್ಟೆ.’

ತಾಯಿ ಮಗಳು ತಬ್ಬಿಕೊಂಡು ಸ್ಪ್ಯಾನಿಷಿನಲ್ಲಿ ಏನೇನೋ ಹೇಳಿಕೊಂಡರು. ನಾನು ಅಳುತ್ತಿದ್ದೆ, ಅದರಲ್ಲಿ ನಾಚಿಕೆಯೇನು. ಸದಾ ಮೊದಲು ಅಳುವ ವಾಜಿದಕ್ಕ ಮಾತ್ರ ಅಳಲಿಲ್ಲ.

ಕಾರಿಗೆ ಫೈನ್ ಚೀಟಿ ಅಂಟಿಸಿದ್ದರು. ಅದನ್ನು ಕಿತ್ತು ಬ್ಯಾಗಿಗೆ ತುರುಕಿ ಮತ್ತೆ ಬ್ರಾಮಾಲ್‌ಗೆ ಹೊರಟೆ. ಆ ಮನೆಯ ಗೇಟಿನ ಮುಂದೆ ನಾರ್ಸಿಸಾ ಇಳಿದಳು. ಹೋಗುವ ಮೊದಲು ವಾಜಿದಕ್ಕನ ಕಿಟಕಿಗೆ ಬಗ್ಗಿದಳು.

‘ವಾಜಿದಾ, ನೀನು ತುಂಬಾ ಕೆಲಸ ಮಾಡಿದೆ. ಥ್ಯಾಂಕ್ ಯೂ. ಆದರೆ ನಾನು ಬರ್ತೀನಾ ಅಂತ ನನ್ನನ್ನ ಕೇಳಬೇಕಿತ್ತು.’

ವಾಜಿದಕ್ಕ ‘ಹೌದು’ ಎಂದರು. ನಾರ್ಸಿಸಾ ಬಕೆಟ್ ಇಟ್ಟಿದ್ದ ಹಿಂಬಾಗಿಲ ಕಡೆಗೆ ನಡೆದುಹೋದಳು.

ನಾನು ಗಾಡಿ ಹೊರಡಿಸಲಿಲ್ಲ. ಅವರೇನೋ ಹೇಳುವವರಿದ್ದರು, ಮುಖದಲ್ಲಿ ಕಾಣುತ್ತಿತ್ತು. ಕನ್ನಡದಲ್ಲಿ, ಮುಂದಿನ ಗಾಜನ್ನೇ ನೋಡುತ್ತ ಹೇಳಿದರು.

‘ಅವಳಿಗೆ ಇಂಗ್ಲಿಷ್ ಬರಲ್ಲ, ಹೆದರ್ತಾಳೆ ಅಂದೆನಲ್ಲ, ಅದು ಸುಳ್ಳು ಹೇಮಾ. ನನಗೇ ನಾಚಿಕೆ. ಆ ಬಟ್ಟೆಯಲ್ಲಿ ಬಂದು ನನ್ನ ಪಕ್ಕ ನಿಂತರೆ, ಈ ಇಂಗ್ಲಿಷಿನವರು ನನ್ನನ್ನೂ ಅವಳ ಸಾಲಿಗೇ ಸೇರಿಸಿಬಿಡ್ತಾರೆ ಅಂತ. ವೋಟಾದ ಮೇಲೆ ನನಗೆ ಅದೇ ಭಯ. ನಾವು ಬೇರೆ, ಡಾಕ್ಟರು ಎಂಜಿನಿಯರು ಜನ ಅಂತ ತೋರಿಸ್ಬೇಕಿತ್ತು.’

ಹಿಂದಿನ ಸೀಟಿನಿಂದ ಯೆಸೇನಿಯಾ, ‘ಆಂಟಿ ಏನು ಹೇಳ್ತಿದ್ದಾರೆ?’ ಎಂದು ನನ್ನನ್ನು ಕೇಳಿದಳು.

ಏನಿಲ್ಲ ಎಂದು ಹೇಳಿ ಮುಗಿಸೋಣವೆಂದು ನಾನು ತಿರುಗುವಷ್ಟರಲ್ಲಿ ವಾಜಿದಕ್ಕ ಸೀಟ್ ಬೆಲ್ಟ್ ಬಿಚ್ಚಿ ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ನನಗೆ ಹೇಳಿದ್ದನ್ನೆಲ್ಲ ಹುಡುಗಿಯ ಮುಖ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದರು, ಒಂದು ಮಾತೂ ಬಿಡದೆ, ಒಂದನ್ನೂ ಮೆತ್ತಗೆ ಮಾಡದೆ.

ಯೆಸೇನಿಯಾ ಕೆಂಪಾಗಿದ್ದ ಮಣಿಕಟ್ಟು ತಿಕ್ಕಿಕೊಳ್ಳುತ್ತ ಕೇಳಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

‘ಅಮ್ಮನಿಗೆ ಗೊತ್ತಿತ್ತು ಆಂಟಿ. ತಾಯಿ ಬರಬೇಕು ಅಂತ ಪತ್ರದಲ್ಲಿ ಇದ್ದದ್ದನ್ನ ನಾನೇ ಓದಿ ಹೇಳಿದ್ದೆ. ನಮ್ಮ ಜೊತೆ ಕಾಣಿಸಿಕೊಳ್ಳೋದು ವಾಜಿದಾಗೆ ಕಷ್ಟ, ಆದರೆ ಹುಡುಕಿಕೊಟ್ಟದ್ದು ಅವರೇ ಅಲ್ಲವಾ, ಅಷ್ಟು ಅವರಿಗೆ ಬಿಟ್ಟುಕೊಡೋಣ ಅಂದಳು ಅಮ್ಮ.’